‘ಅನುದಾನದ ಲಭ್ಯತೆಗೆ ಒಳಪಟ್ಟು’: ಇಟಲಿಯ ತರಗತಿಯಿಂದ ಒಂದು ಪಾಠ

ನನ್ನ ತಮ್ಮನ ಮಗಳು ಇಟಲಿಯ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರದ ಪದವಿಗೆ ಓದುತ್ತಿದ್ದಾಳೆ. ಮೊದಲ ವರ್ಷದ ವಿಷಯಗಳ ಪಟ್ಟಿಯನ್ನು ಅವಳು ಕಳುಹಿಸಿದಾಗ ಅದರಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರಗಳ ಜೊತೆಗೆ ‘ಸಾರ್ವಜನಿಕ ಕಾನೂನು’ ಎಂಬ ವಿಷಯವೂ ಇತ್ತು. ಬಿಡಿಸಿ ನೋಡಿದರೆ ಅದು ಬಹುಮಟ್ಟಿಗೆ ಇಟಲಿಯ ಸಂವಿಧಾನದ ಪಾಠ. ‘ದೊಡ್ಡಪ್ಪಾ, ಬೇಡಿಕೆ-ಪೂರೈಕೆಯ ರೇಖೆ ಎಳೆಯುವವಳಿಗೆ ಇದೆಲ್ಲಾ ಏಕೆ?’ ಎಂದು ಕೇಳಿದಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರೂವರೆ ದಶಕ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದ ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. 1980ರಿಂದ 82ರವರೆಗಿನ ನನ್ನ ಎಂ.ಎ. ತರಗತಿಗಳಲ್ಲಿ, ಹಣಕಾಸು ಆಯೋಗಕ್ಕೆ ಸಂಬಂಧಿಸಿದ 280ನೇ ವಿಧಿಯೊಂದನ್ನು ಬಿಟ್ಟರೆ, ಸಂವಿಧಾನದ ಪ್ರಸ್ತಾಪವೇ ಬಂದ ನೆನಪಿಲ್ಲ.

ಅವಳನ್ನು ಪರೀಕ್ಷೆಗೆ ಸಿದ್ಧಗೊಳಿಸುವ ನೆಪದಲ್ಲಿ ಕೆಲವು ತಿಂಗಳುಗಳ ಕಾಲ ಪ್ರತಿ ಭಾನುವಾರ ದೂರವಾಣಿಯಲ್ಲಿ ಇಬ್ಬರೂ ಕೂಡಿ ಓದಿದೆವು. ಅವಳು ಇಟಾಲಿಯನ್ ಪಠ್ಯವನ್ನು ನನಗೆ ಅರ್ಥವಾಗುವಂತೆ ಹೇಳುವಳು. ನಾನು ನಮ್ಮ ದೇಶದ ಸಮಾನ ಸಂಗತಿಯನ್ನು ಹುಡುಕಿಕೊಡುವೆನು. ಪರೀಕ್ಷೆ ಮುಗಿಯುವ ಹೊತ್ತಿಗೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಅದು ಅವಳಿಗಿಂತ ಹೆಚ್ಚಾಗಿ ನನಗೇ ಸಂಬಂಧಿಸಿದ ಉತ್ತರವಾಗಿತ್ತು. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಇಟಲಿಯ ಸಂವಿಧಾನ ನಮ್ಮ ಸಂವಿಧಾನದ ಸಮಕಾಲೀನ. 1946ರ ಜೂನ್ 2ರಂದು ಅಲ್ಲಿನ ಜನ ಅರಸೊತ್ತಿಗೆ ಬೇಕೇ ಗಣರಾಜ್ಯ ಬೇಕೇ ಎಂಬ ಪ್ರಶ್ನೆಗೆ ಮತ ಹಾಕಿದರು. ರಾಷ್ಟ್ರಮಟ್ಟದಲ್ಲಿ ಮಹಿಳೆಯರು ಮತ ಚಲಾಯಿಸಿದ್ದು ಅದೇ ಮೊದಲು. ಶೇಕಡ 54ರಷ್ಟು ಮತಗಳೊಂದಿಗೆ ಗಣರಾಜ್ಯ ಗೆದ್ದಿತು. ಅದೇ ದಿನ ಚುನಾಯಿತವಾದ 556 ಸದಸ್ಯರ ಸಂವಿಧಾನ ರಚನಾ ಸಭೆಯಲ್ಲಿ ಕ್ರೈಸ್ತ ಪ್ರಜಾಸತ್ತಾವಾದಿಗಳು, ಸಮಾಜವಾದಿಗಳು ಮತ್ತು ಕಮ್ಯುನಿಸ್ಟರು ಒಟ್ಟಿಗೆ ಕುಳಿತು, ಒಬ್ಬರನ್ನೊಬ್ಬರು ಪೂರ್ತಿ ನಂಬದಿದ್ದರೂ, 139 ವಿಧಿಗಳ ಸಂವಿಧಾನವೊಂದನ್ನು ರೂಪಿಸಿದರು. 1947ರ ಡಿಸೆಂಬರ್ 22ರಂದು 453 ಮತಗಳ ಬೆಂಬಲದೊಂದಿಗೆ ಅಂಗೀಕಾರವಾದ ಅದು 1948ರ ಜನವರಿ 1ರಂದು ಜಾರಿಗೆ ಬಂದಿತು. ವಿರೋಧವಾಗಿ ಬಿದ್ದ ಮತಗಳು 62 ಮಾತ್ರ.

ಅದೇ 1947ರ ಕೊನೆಯ ತಿಂಗಳುಗಳಲ್ಲಿ ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಕರಾವಳಿಯ ಬೆನಗಲ್ ನರಸಿಂಗರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ನುಗಳನ್ನು ಸುತ್ತಿ, ಅಲ್ಲಿನ ನ್ಯಾಯಾಧೀಶರನ್ನೂ ವಿದ್ವಾಂಸರನ್ನೂ ಕಂಡು ಮಾತನಾಡುತ್ತಿದ್ದರು. ರೋಮ್ ಅವರ ದಾರಿಯಲ್ಲಿ ಇರಲಿಲ್ಲ. ಇಂಗ್ಲಿಷ್ ಬಲ್ಲ ದೇಶಗಳ ಕಡೆಗೇ ನಮ್ಮ ದೃಷ್ಟಿ ಹರಿಯುವುದು ಅಂದಿನಿಂದಲೂ ಇರುವ ಅಭ್ಯಾಸ. ಹೀಗಾಗಿ, ಬಡತನ, ಪ್ರಾದೇಶಿಕ ಅಸಮಾನತೆ, ಭೂಹಿಡುವಳಿಯ ಜಟಿಲತೆಗಳನ್ನು ಹೊತ್ತುಕೊಂಡೇ ನಮ್ಮಂತೆ ಹೊಸ ಬದುಕು ಆರಂಭಿಸಿದ ಇನ್ನೊಂದು ಗಣರಾಜ್ಯದ ಅನುಭವ ನಮ್ಮ ಚರ್ಚೆಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ.

ಇಟಲಿಯಲ್ಲಿ ಸಂವಿಧಾನ ಕಾನೂನು ವಕೀಲರಾಗುವವರ ಸೊತ್ತಲ್ಲ. ಕಾನೂನು ಪದವಿಯ ಮೊದಲ ವರ್ಷದಲ್ಲೇ ಅದು ಇರುತ್ತದೆ, ಸರಿ. ಆದರೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಸಾಮಾನ್ಯವಾಗಿ ‘ಸಾರ್ವಜನಿಕ ಕಾನೂನಿನ ಮೂಲತತ್ವಗಳು’ ಎಂಬ ಹೆಸರಿನಲ್ಲಿ ಅದನ್ನು ಓದಿಯೇ ಮುಂದೆ ಹೋಗಬೇಕು. ಈಗ ಹಲವೆಡೆ ಲಿಖಿತ ಪರೀಕ್ಷೆ ಬಂದಿದೆಯಾದರೂ ಅಲ್ಲಿನ ಹಳೆಯ ಪದ್ಧತಿ ಮೌಖಿಕ ಪರೀಕ್ಷೆಯದು. ವಿದ್ಯಾರ್ಥಿ ಪ್ರಾಧ್ಯಾಪಕರ ಎದುರು ಕುಳಿತು ಉತ್ತರಿಸಬೇಕು. ಕೊಠಡಿಯ ಬಾಗಿಲು ತೆರೆದಿರುತ್ತದೆ, ಸಹಪಾಠಿಗಳು ಕುಳಿತು ಕೇಳಬಹುದು. ಮೂವತ್ತು ಅಂಕಗಳಿಗೆ ಹದಿನೆಂಟು ಬಂದರೆ ಉತ್ತೀರ್ಣ. ಬಂದ ಅಂಕ ಸಾಲದೆನಿಸಿದರೆ ಅದನ್ನು ನಿರಾಕರಿಸಿ ಮತ್ತೊಮ್ಮೆ ಪರೀಕ್ಷೆಗೆ ಕೂರುವುದೂ ಅಲ್ಲಿ ರೂಢಿ.

ಮೌಖಿಕ ಪರೀಕ್ಷೆಯಲ್ಲಿ ಗೈಡು ನೋಡಿ ಬಾಯಿಪಾಠ ಮಾಡಿದ್ದು ಹೆಚ್ಚು ದೂರ ಬರುವುದಿಲ್ಲ. ಒಂದು ವಿಧಿಯನ್ನು ಒಪ್ಪಿಸಿದ ಮರುಕ್ಷಣವೇ ‘ಹಾಗಾದರೆ ಸರ್ಕಾರ ಅದನ್ನು ಪಾಲಿಸದಿದ್ದರೆ ಏನಾಗುತ್ತದೆ?’ ಎಂಬ ಪ್ರಶ್ನೆ ಬರುತ್ತದೆ. ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದ.

ಪಾಠ ಹೇಳಿದವರ ಪರಂಪರೆಯೂ ಗಮನಾರ್ಹವಾದುದು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ಕೊಸ್ತಾಂತಿನೊ ಮೊರ್ತಾತಿ, ಪಿಯೆರೊ ಕಲಾಮಂದ್ರೆಯಿ, ಆಲ್ದೊ ಮೊರೊ ಮೂವರೂ ಕಾನೂನಿನ ಪ್ರಾಧ್ಯಾಪಕರು. ಮೊರ್ತಾತಿ ಮುಂದೆ ಸಂವಿಧಾನ ನ್ಯಾಯಾಲಯದ ನ್ಯಾಯಾಧೀಶರಾದರು. ಪ್ರಧಾನಿಯಾಗಿದ್ದ ಮೊರೊ, 1978ರಲ್ಲಿ ಉಗ್ರರು ಅಪಹರಿಸಿ ಕೊಲ್ಲುವವರೆಗೂ, ತರಗತಿಯ ನಂಟನ್ನು ಬಿಟ್ಟಿರಲಿಲ್ಲ. 2015ರಲ್ಲಿ ರಾಷ್ಟ್ರಾಧ್ಯಕ್ಷರಾಗಿ, 2022ರಲ್ಲಿ ಮರು ಆಯ್ಕೆಯಾದ ಸೆರ್ಜೊ ಮತ್ತರೆಲ್ಲಾ ಹಿಂದೆ ಪಲೆರ್ಮೊದಲ್ಲಿ ಸಂಸದೀಯ ಕಾನೂನನ್ನು ಬೋಧಿಸಿದವರು. ಕಲಾಮಂದ್ರೆಯಿ 1955ರಲ್ಲಿ ಮಿಲಾನಿನ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣವನ್ನು ಅಲ್ಲಿ ಇಂದಿಗೂ ನೆನೆಯುತ್ತಾರೆ. ಸಂವಿಧಾನವೆಂಬುದು ಒಮ್ಮೆ ಚಾಲನೆ ಕೊಟ್ಟರೆ ತಾನಾಗಿ ಓಡುವ ಯಂತ್ರವಲ್ಲ, ದಿನವೂ ಇಂಧನ ಹಾಕಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಅವರು ಬೊಟ್ಟು ಮಾಡಿ ತೋರಿದ್ದು ಮೂರನೇ ವಿಧಿಯ ಎರಡನೇ ಭಾಗವನ್ನು. ನಾಗರಿಕರ ಸ್ವಾತಂತ್ರ್ಯ ಮತ್ತು ಸಮಾನತೆಯನ್ನು ವಾಸ್ತವದಲ್ಲಿ ಮೊಟಕುಗೊಳಿಸುವ ಆರ್ಥಿಕ, ಸಾಮಾಜಿಕ ಅಡೆತಡೆಗಳನ್ನು ನಿವಾರಿಸುವುದು ಗಣರಾಜ್ಯದ ಕರ್ತವ್ಯ ಎಂದು ಅದು ಹೇಳುತ್ತದೆ.

ಇಂಥ ಮಾತುಗಳು ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲೂ ಇವೆ. ನ್ಯಾಯಾಲಯದ ಮೂಲಕ ಅವನ್ನು ಜಾರಿಗೊಳಿಸುವಂತಿಲ್ಲ ಎಂದು ನಮ್ಮ 37ನೇ ವಿಧಿ ಸ್ಪಷ್ಟವಾಗಿಯೇ ಹೇಳಿದೆ. ಇಟಲಿಯಲ್ಲೂ ಆರಂಭದಲ್ಲಿ ಹಿರಿಯ ನ್ಯಾಯಾಧೀಶರು ಇವು ಕೇವಲ ಕಾರ್ಯಕ್ರಮದ ಘೋಷಣೆಗಳು, ಆಜ್ಞೆಗಳಲ್ಲ ಎಂದು ಬದಿಗೆ ಸರಿಸಿದ್ದರು. ಎಂಟು ವರ್ಷ ತಡವಾಗಿ, 1956ರಲ್ಲಿ, ಸಂವಿಧಾನ ನ್ಯಾಯಾಲಯ ಕೆಲಸ ಆರಂಭಿಸಿತು. ಫ್ಯಾಸಿಸ್ಟ್ ಕಾಲದ ಪೊಲೀಸ್ ಕಾನೂನನ್ನು ಪರಿಶೀಲಿಸಿದ ತನ್ನ ಮೊಟ್ಟಮೊದಲ ತೀರ್ಪಿನಲ್ಲೇ ಅದು ಈ ವಾದವನ್ನು ಒಪ್ಪಲಿಲ್ಲ. ಕಾರ್ಯಕ್ರಮದ ರೂಪದಲ್ಲಿರುವ ವಿಧಿಗೆ ವಿರುದ್ಧವಾದ ಕಾನೂನೂ ಅಸಿಂಧುವಾಗಬಹುದು ಎಂದಿತು. ಆ ಮೊದಲ ತೀರ್ಪು ಇಂದಿಗೂ ಮೊದಲ ವರ್ಷದ ವಿದ್ಯಾರ್ಥಿಗಳ ಪಾಠ.

ನಾವು ಮೊದಲು ಸಮಾನಾಂತರ ಕಂಡದ್ದು ಸುಗ್ರೀವಾಜ್ಞೆಯ ವಿಷಯದಲ್ಲಿ. ಇಟಲಿಯ 77ನೇ ವಿಧಿಯ ಪ್ರಕಾರ ತುರ್ತು ಸಂದರ್ಭದಲ್ಲಿ ಸರ್ಕಾರ ಹೊರಡಿಸುವ ಆಜ್ಞೆಗೆ 60 ದಿನ ಮಾತ್ರ ಆಯಸ್ಸು. ಅಷ್ಟರೊಳಗೆ ಸಂಸತ್ತು ಅದನ್ನು ಕಾನೂನಾಗಿಸದಿದ್ದರೆ ಮೊದಲ ದಿನದಿಂದಲೇ ಅದು ಇಲ್ಲವಾದಂತೆ. ಸರ್ಕಾರಗಳು ಏನು ಮಾಡಿದವು? 60 ದಿನ ಮುಗಿದೊಡನೆ ಅದೇ ಆಜ್ಞೆಯನ್ನು ಮತ್ತೆ ಹೊರಡಿಸತೊಡಗಿದವು. 1996ರಲ್ಲಿ ಸಂವಿಧಾನ ನ್ಯಾಯಾಲಯ ತನ್ನ 360ನೇ ತೀರ್ಪಿನಲ್ಲಿ ಈ ಚಾಳಿಗೆ ತಡೆ ಹಾಕಿತು.

ನಮ್ಮಲ್ಲಿ ಆ ಕೆಲಸ ಹತ್ತು ವರ್ಷ ಮೊದಲೇ ಆಗಿತ್ತು ಎಂದು ನಾನು ಅವಳಿಗೆ ಹೆಮ್ಮೆಯಿಂದ ಹೇಳಿದೆ. ಬಿಹಾರ ಸರ್ಕಾರ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಮರಳಿ ಮರಳಿ ಹೊರಡಿಸುತ್ತಾ, ಕೆಲವನ್ನು 14 ವರ್ಷಗಳವರೆಗೂ ಜೀವಂತ ಇಟ್ಟಿದ್ದನ್ನು ದಾಖಲೆಸಮೇತ ಹೊರಗೆಳೆದವರು ಡಿ.ಸಿ. ವಾಧ್ವಾ. 1986ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ಎಸಗಿದ ವಂಚನೆ ಎಂದು ಖಂಡಿಸಿತು. ಈ ವಾಧ್ವಾ ವಕೀಲರಲ್ಲ. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಅರ್ಥಶಾಸ್ತ್ರ ಓದುವವರಿಗೆ ಸಂವಿಧಾನ ಏಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ ಎಂದುಕೊಂಡೆ. ಆದರೆ ಮುಂದಿನ ಭಾನುವಾರ ಬಂದ ಪಾಠ ನನ್ನ ಹೆಮ್ಮೆಯನ್ನು ಇಳಿಸಿತು.

ಅದು ಆಯವ್ಯಯದ ಪಾಠ. ಯೂರೋಪಿನ ಸಾಲದ ಬಿಕ್ಕಟ್ಟಿನ ನಡುವೆ, 2012ರ ಏಪ್ರಿಲ್‌ನಲ್ಲಿ, ಇಟಲಿ ತನ್ನ ಸಂವಿಧಾನದ 81ನೇ ವಿಧಿಯನ್ನು ತಿದ್ದಿ ಆದಾಯ-ವೆಚ್ಚಗಳ ನಡುವೆ ಸಮತೋಲನ ಕಾಯುವ ಹೊಣೆಯನ್ನು ಅದರಲ್ಲಿ ಸೇರಿಸಿತು. ನಮ್ಮಲ್ಲಿ ಇಂಥ ನಿಯಮ ಸಾಮಾನ್ಯ ಕಾನೂನಿನ ರೂಪದಲ್ಲಿದೆ. ರಾಜ್ಯಗಳ ಪೈಕಿ ಮೊದಲಿಗೆ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ತಂದದ್ದು ಕರ್ನಾಟಕವೇ, 2002ರಲ್ಲಿ. ಇಟಲಿಯಲ್ಲಿ ಅದು ಸಂವಿಧಾನದ ಮಟ್ಟಕ್ಕೇ ಏರಿತು. ಇನ್ನು ಹಣವಿಲ್ಲ ಎಂಬ ಒಂದು ಮಾತಿನಿಂದ ಯಾವ ಹಕ್ಕನ್ನಾದರೂ ಪಕ್ಕಕ್ಕಿಡಬಹುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು.

ಉತ್ತರ ಬಂದದ್ದು 2016ರ ಡಿಸೆಂಬರ್‌ನಲ್ಲಿ, 275ನೇ ತೀರ್ಪಿನ ರೂಪದಲ್ಲಿ. ಅಬ್ರುತ್ಸೊ ಪ್ರಾಂತ್ಯದ ಕಾನೂನೊಂದು ಅಂಗವಿಕಲ ವಿದ್ಯಾರ್ಥಿಗಳನ್ನು ಶಾಲೆಗೆ ಕರೆತರುವ ವೆಚ್ಚದ ಅರ್ಧಭಾಗವನ್ನು ಪ್ರಾಂತ್ಯ ಸರ್ಕಾರ ಭರಿಸಬೇಕೆಂದು ಹೇಳಿತ್ತು. ಆದರೆ ಅದರ ಜೊತೆಗೊಂದು ಬಾಲ ಅಂಟಿಸಲಾಗಿತ್ತು: ವಾರ್ಷಿಕ ಆಯವ್ಯಯದಲ್ಲಿ ಹಣ ಲಭ್ಯವಿರುವ ಮಿತಿಯೊಳಗೆ. ಸೇವೆ ಒದಗಿಸಿದ ಪೆಸ್ಕಾರಾ ಜಿಲ್ಲಾಡಳಿತಕ್ಕೆ ವರ್ಷಗಟ್ಟಲೆ ಆ ಪಾಲು ಪೂರ್ಣವಾಗಿ ಬರಲಿಲ್ಲ. ವ್ಯಾಜ್ಯ ಸಂವಿಧಾನ ನ್ಯಾಯಾಲಯ ತಲುಪಿತು. ನ್ಯಾಯಾಲಯ ಆ ಬಾಲವನ್ನು ಕತ್ತರಿಸಿಹಾಕಿತು. ಅಂಗವಿಕಲ ಮಕ್ಕಳ ಶಿಕ್ಷಣ ಸಂವಿಧಾನದ 38ನೇ ವಿಧಿ ಕೊಟ್ಟ ಹಕ್ಕು. ಅದರ ತಿರುಳನ್ನು ಆಯಾ ವರ್ಷದ ಹಣದ ಹಂಚಿಕೆಗೆ ಬಿಟ್ಟರೆ ಅದು ಹಕ್ಕಾಗಿ ಉಳಿಯುವುದಿಲ್ಲ. ಆಯವ್ಯಯದ ಸಮತೋಲನ ಹಕ್ಕನ್ನು ನಿರ್ಧರಿಸುವುದಲ್ಲ, ಕಡೆಗಣಿಸಲಾಗದ ಹಕ್ಕುಗಳೇ ಆಯವ್ಯಯವನ್ನು ರೂಪಿಸಬೇಕು ಎಂಬುದು ತೀರ್ಪಿನ ಸಾರ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ಗಾದೆ. ಯಾವುದೇ ಆರ್ಥಿಕ ಇಲಾಖೆಯ ಮೂಲಮಂತ್ರವೂ ಹೌದು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಬೊಕ್ಕಸ ಬರಿದಾದಾಗ ಮೊದಲು ಪೆಟ್ಟು ತಿನ್ನುವವರು ಬಡವರೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಇಟಲಿಯ ನ್ಯಾಯಾಲಯ ಕೇಳಿದ ಪ್ರಶ್ನೆ ಬೇರೆ: ಹಾಸಿಗೆ ಹೊಲಿಸುವಾಗ ಯಾರ ಕಾಲನ್ನು ಅಳೆಯಲಾಯಿತು? ಕಡ್ಡಾಯವಾದ ವೆಚ್ಚವನ್ನೂ ಇಚ್ಛಾನುಸಾರದ ವೆಚ್ಚವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಕೊನೆಯಲ್ಲಿ ಹಣ ಉಳಿಯಲಿಲ್ಲ ಎನ್ನುವುದು ಲೆಕ್ಕಾಚಾರವಲ್ಲ. ಅದು ಆಯ್ಕೆ, ಆಯ್ಕೆ ಮಾಡಿದವರು ಅದಕ್ಕೆ ಉತ್ತರ ಹೇಳಬೇಕು.

ತೀರ್ಪನ್ನು ವಿವರಿಸಿ ಮುಗಿಸಿದ ಹುಡುಗಿ ‘ನಿಮ್ಮ ಕಚೇರಿಯಲ್ಲೂ ಹೀಗೆ ಬರೆಯುತ್ತಿದ್ದರಾ ದೊಡ್ಡಪ್ಪಾ?’ ಎಂದಳು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಬರೆಯುತ್ತಿದ್ದರು ಎನ್ನುವುದಕ್ಕಿಂತ ಬರೆಯುತ್ತಿದ್ದೆ ಎನ್ನುವುದೇ ಸರಿ. ‘ಅನುದಾನದ ಲಭ್ಯತೆಗೆ ಒಳಪಟ್ಟು’ ಎಂಬ ಪದಪುಂಜವಿಲ್ಲದ ಸರ್ಕಾರಿ ಆದೇಶದ ಕರಡನ್ನು ನಾನು ಸಿದ್ಧಪಡಿಸಿದ್ದು ವಿರಳ. ಅದಿಲ್ಲದೆ ಹೋದ ಕಡತ ಮೇಲಿನಿಂದ ತಿರುಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ನಾನು ಇಲಾಖೆಯೊಂದರಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದಾಗ, ಒಂದು ತಾಲ್ಲೂಕಿನ ಅಂಗವಿಕಲ ಮಕ್ಕಳನ್ನು ಶಾಲೆಗೆ ಕರೆತರಲು ಬಾಡಿಗೆ ವಾಹನದ ಪ್ರಸ್ತಾವವೊಂದು ಬಂದಿತ್ತು. ಮಂಜೂರಾಯಿತು. ಆದೇಶದ ಕೊನೆಯ ಸಾಲಿನಲ್ಲಿ ಆ ಪದಪುಂಜವಿತ್ತು, ಕರಡು ನನ್ನದು. ಮೊದಲ ವರ್ಷ ವಾಹನ ಓಡಿತು. ಎರಡನೇ ವರ್ಷ ಆ ಲೆಕ್ಕಶೀರ್ಷಿಕೆಯಡಿ ಹಣ ಬರಲಿಲ್ಲ. ತಂದೆಯೊಬ್ಬರು ಬರೆದ ಅರ್ಜಿ ನನ್ನ ಮೇಜಿಗೆ ಬಂದಿತು. ಮಗನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೇನೆ, ಕೂಲಿಗೆ ಹೋಗುವ ದಿನ ಅವನು ಮನೆಯಲ್ಲೇ ಉಳಿಯುತ್ತಾನೆ ಎಂದು ಅದರಲ್ಲಿತ್ತು. ‘ಅನುದಾನ ಲಭ್ಯವಾದಾಗ ಪರಿಶೀಲಿಸಬಹುದು’ ಎಂದು ಷರಾ ಬರೆದು ಕಡತ ಮುಕ್ತಾಯಗೊಳಿಸಿದೆ. ನಿಯಮದ ಪ್ರಕಾರ ನಾನು ತಪ್ಪು ಮಾಡಿರಲಿಲ್ಲ. ಅದರಿಂದಾಗಿಯೇ ಆ ರಾತ್ರಿ ನನಗೆ ನಿದ್ದೆಯೂ ಕೆಡಲಿಲ್ಲ.

ನಮ್ಮ ಕಾನೂನು ಹಿಂದುಳಿದಿತ್ತು, ಆದ್ದರಿಂದ ಹೀಗಾಯಿತು ಎನ್ನೋಣವೆಂದರೆ ಅದೂ ಸತ್ಯವಲ್ಲ. 1980ರ ಜುಲೈನಲ್ಲಿಯೇ, ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದೇ ದಾರಿ ತೋರಿತ್ತು. ತೆರೆದ ಚರಂಡಿಗಳ ನಡುವೆ ಬದುಕುತ್ತಿದ್ದ ನಿವಾಸಿಗಳ ದೂರಿಗೆ ಪುರಸಭೆ ಹಣವಿಲ್ಲವೆಂದು ಉತ್ತರಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ನೆಪವನ್ನು ಒಪ್ಪಲಿಲ್ಲ. 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ, ತುರ್ತು ಚಿಕಿತ್ಸೆಯ ಹೊಣೆಯಿಂದ ಸರ್ಕಾರ ಹಣದ ಕೊರತೆಯ ಕಾರಣಕ್ಕೆ ನುಣುಚಿಕೊಳ್ಳುವಂತಿಲ್ಲ ಎಂದಿತು. ಮೊದಲ ತೀರ್ಪು ಬಂದಾಗ ನಾನು ಎಂ.ಎ. ತರಗತಿಗೆ ಸೇರುತ್ತಿದ್ದೆ, ಎರಡನೆಯದು ಬಂದಾಗ ಸಚಿವಾಲಯದಲ್ಲಿದ್ದೆ. ಎರಡನ್ನೂ ಓದಿದ್ದು ನಿವೃತ್ತಿಯ ನಂತರ, ಇಟಲಿಯ ವಿದ್ಯಾರ್ಥಿನಿಯೊಬ್ಬಳಿಗೆ ಉತ್ತರ ಹೇಳುವ ಸಲುವಾಗಿ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತೇವೆ. ವರ ಕೊಟ್ಟ ಸುದ್ದಿಯೇ ಪೂಜಾರಿಗೆ ತಲುಪದಿದ್ದರೆ?

ಇನ್ನೊಂದು ಕಾಕತಾಳೀಯವೂ ಇದೆ. ಇಟಲಿಯ ನ್ಯಾಯಾಲಯ ಆ ಬಾಲವನ್ನು ಕತ್ತರಿಸಿದ 2016ರ ಅದೇ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು ಅಂಗವಿಕಲರ ಹಕ್ಕುಗಳ ಅಧಿನಿಯಮವನ್ನು ಅಂಗೀಕರಿಸಿತು. ಅದು ಒಳ್ಳೆಯ ಕಾನೂನು. ಮಕ್ಕಳಿಗೆ ಶಾಲೆಗೆ ಸಾರಿಗೆ ವ್ಯವಸ್ಥೆ ಮಾಡಬೇಕೆಂದು 16ನೇ ಪ್ರಕರಣದಲ್ಲಿ ಹೇಳಿದೆ. ಆದರೆ ಸಾಮಾಜಿಕ ಭದ್ರತೆಯ 24ನೇ ಪ್ರಕರಣಕ್ಕೆ ಬಂದಾಗ ಸರ್ಕಾರದ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಹಳೆಯ ಪರಿಚಿತರು ಎದುರಾಗುತ್ತಾರೆ. ಇವರ ಮೂಲ ಮನೆ ನಮ್ಮ ಸಂವಿಧಾನದ 41ನೇ ವಿಧಿ.

ಇಷ್ಟು ಹೇಳಿದ ಮಾತ್ರಕ್ಕೆ ಇಟಲಿ ಆದರ್ಶ ರಾಜ್ಯವೆಂದು ಯಾರೂ ಭಾವಿಸಬೇಕಿಲ್ಲ. ಅಲ್ಲಿ 2022ರಲ್ಲಿ ಅಧಿಕಾರಕ್ಕೆ ಬಂದದ್ದು ಗಣರಾಜ್ಯದ 68ನೇ ಸರ್ಕಾರ. ಸಂವಿಧಾನ ಹೇಳಿದ್ದ ಪ್ರಾಂತ್ಯಗಳು ದೇಶದ ಬಹುಭಾಗದಲ್ಲಿ ಚುನಾಯಿತ ಮಂಡಳಿಗಳನ್ನು ಕಾಣಲು 1970ರವರೆಗೆ ಕಾಯಬೇಕಾಯಿತು. ಸಂವಿಧಾನ ನ್ಯಾಯಾಲಯದ 15 ನ್ಯಾಯಾಧೀಶರ ಪೈಕಿ ಐವರನ್ನು ಸಂಸತ್ತು ಆರಿಸಬೇಕು. ಪಕ್ಷಗಳ ಜಗ್ಗಾಟದಲ್ಲಿ ಸ್ಥಾನಗಳು ಖಾಲಿಯೇ ಉಳಿದು, 2025ರ ಫೆಬ್ರುವರಿಯಲ್ಲಿ ಒಮ್ಮೆಗೇ ನಾಲ್ವರನ್ನು ಆರಿಸಬೇಕಾಯಿತು. ತೀರ್ಪು ಬಂದ ಮಾತ್ರಕ್ಕೆ ದಕ್ಷಿಣ ಇಟಲಿಯ ಶಾಲೆ, ಆಸ್ಪತ್ರೆಗಳು ಉತ್ತರದವಕ್ಕೆ ಸಮನಾಗಲಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ಅಲ್ಲಿ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ದೊರೆಯದ ತಿದ್ದುಪಡಿಯನ್ನು 138ನೇ ವಿಧಿಯ ಪ್ರಕಾರ ಜನಮತಗಣನೆಗೆ ಒಯ್ಯಲು ಅವಕಾಶವಿದೆ. 2016ರ ಡಿಸೆಂಬರ್ 4ರಂದು, ಸೆನೆಟ್ಟಿನ ಅಧಿಕಾರ ಮೊಟಕುಗೊಳಿಸುವ ತಿದ್ದುಪಡಿಯನ್ನು ಶೇಕಡ 59ರಷ್ಟು ಮತದಾರರು ತಿರಸ್ಕರಿಸಿದರು. ಪ್ರಧಾನಿ ಮತ್ತೆಯೊ ರೆಂತ್ಸಿ ರಾಜೀನಾಮೆ ಕೊಟ್ಟರು. 2020ರಲ್ಲಿ, ಸಂಸತ್ ಸದಸ್ಯರ ಸಂಖ್ಯೆಯನ್ನು 945ರಿಂದ 600ಕ್ಕೆ ಇಳಿಸುವ ತಿದ್ದುಪಡಿಯನ್ನು ಅವರೇ ಒಪ್ಪಿದರು. ನ್ಯಾಯಾಧೀಶರ ಮತ್ತು ಸರ್ಕಾರಿ ಅಭಿಯೋಜಕರ ವೃತ್ತಿಗಳನ್ನು ಬೇರ್ಪಡಿಸುವ ತಿದ್ದುಪಡಿ 2025ರ ಅಕ್ಟೋಬರ್‌ನಲ್ಲಿ ಸಂಸತ್ತನ್ನು ದಾಟಿದರೂ ಆ ವಿಶೇಷ ಬಹುಮತವಿಲ್ಲದ್ದರಿಂದ ಜನಮತಗಣನೆಯ ದಾರಿ ಹಿಡಿಯಬೇಕಾಯಿತು. ಯಾವಾಗ ಬೇಕಾದರೂ ಮತಗಟ್ಟೆಯಲ್ಲಿ ತಾನೇ ತೀರ್ಮಾನಿಸಬೇಕಾಗಬಹುದು ಎಂದು ತಿಳಿದಿರುವ ನಾಗರಿಕನಿಗೆ ಸಂವಿಧಾನ ಪರೀಕ್ಷೆಗಾಗಿ ಓದಿ ಮರೆಯುವ ವಿಷಯವಲ್ಲ. 2019ರ ಕಾನೂನೊಂದು ಎಲ್ಲ ಹಂತದ ಶಾಲೆಗಳಲ್ಲೂ ವರ್ಷಕ್ಕೆ ಕನಿಷ್ಠ 33 ಗಂಟೆಗಳ ಪೌರಶಿಕ್ಷಣವನ್ನು ಕಡ್ಡಾಯಗೊಳಿಸಿ, ಸಂವಿಧಾನವನ್ನು ಅದರ ಕೇಂದ್ರದಲ್ಲಿಟ್ಟಿದ್ದು ಈ ಹಿನ್ನೆಲೆಯಲ್ಲೇ.

ನಮ್ಮಲ್ಲೂ ಸಂವಿಧಾನದ ಪಾಠಕ್ಕೆ ಕೊರತೆಯಿಲ್ಲ. ಎಂಜಿನಿಯರಿಂಗ್ ಓದುವವರಿಗೂ ಅದು ಕಡ್ಡಾಯ. 2023ರಿಂದ ನಮ್ಮ ರಾಜ್ಯದ ಶಾಲಾ ಕಾಲೇಜುಗಳಲ್ಲಿ ಪೀಠಿಕೆಯ ಓದು ನಡೆಯುತ್ತಿದೆ. ಅದನ್ನು ಲಘುವಾಗಿ ಕಾಣುವವನು ನಾನಲ್ಲ. ಕಿವಿಗೆ ಬಿದ್ದ ಮಾತು ಎಂದಾದರೂ ಮನಸ್ಸಿಗೆ ಇಳಿಯಬಹುದು. ಆದರೆ ಎಷ್ಟು ವಿಧಿಗಳು, ಎಷ್ಟು ಅನುಸೂಚಿಗಳು, ರಾಷ್ಟ್ರಪತಿಯಾಗಲು ಎಷ್ಟು ವಯಸ್ಸು ಎಂಬಲ್ಲಿಗೇ ಪಾಠ ನಿಂತರೆ, ಆ ವಿದ್ಯಾರ್ಥಿ ನಾಳೆ ಅಧಿಕಾರಿಯಾದಾಗ ಬರೆಯುವುದು ನಾನು ಬರೆದ ಷರಾವನ್ನೇ.

ನನ್ನ ಸಲಹೆಗಳು ದೊಡ್ಡವಲ್ಲ. ಪದವಿ ಹಂತದ ಸಂವಿಧಾನ ಪತ್ರಿಕೆಯಲ್ಲಿ ಕನಿಷ್ಠ ಎರಡು ತೀರ್ಪುಗಳನ್ನು, ಕನ್ನಡದಲ್ಲಿ, ಪೂರ್ತಿಯಾಗಿ ಓದಿಸಬೇಕು. ರತ್ಲಾಮ್ ಮತ್ತು ವಾಧ್ವಾ ಪ್ರಕರಣಗಳಿಂದ ಆರಂಭಿಸಬಹುದು. ಪರೀಕ್ಷೆಯ ಒಂದು ಭಾಗವಾದರೂ ಮೌಖಿಕವಾಗಿರಲಿ, ‘ಪಾಲಿಸದಿದ್ದರೆ ಏನಾಗುತ್ತದೆ?’ ಎಂಬ ಪ್ರಶ್ನೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಮ್ಮೆ ಎದುರಾಗಲಿ. ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಗಳಲ್ಲಿ ಆಯವ್ಯಯವನ್ನು ಹಕ್ಕುಗಳ ಜೊತೆಗಿಟ್ಟು ಓದುವ ಪಾಠವೊಂದು ಸೇರಲಿ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಹೊಸ ಅಧಿಕಾರಿಗಳಿಗೆ ಟಿಪ್ಪಣಿ ಬರೆಯುವುದನ್ನು ಕಲಿಸುವಾಗ, ಯಾವ ಸೇವೆಯ ಮುಂದೆ ‘ಅನುದಾನದ ಲಭ್ಯತೆಗೆ ಒಳಪಟ್ಟು’ ಎಂದು ಬರೆಯಬಹುದು, ಯಾವುದರ ಮುಂದೆ ಬರೆಯಬಾರದು ಎಂಬುದಕ್ಕೆ ಅರ್ಧ ದಿನ ಮೀಸಲಿಡಲಿ. ಒಂದು ಉತ್ಸವವನ್ನೋ ಸ್ವಾಗತ ಕಮಾನನ್ನೋ ಹಣದ ಲಭ್ಯತೆಗೆ ಒಳಪಡಿಸಲು ಯಾರ ಅಡ್ಡಿಯೂ ಇಲ್ಲ. ಶಾಲೆಗೆ ಹೋಗಬೇಕಾದ ಮಗುವನ್ನು ಒಳಪಡಿಸುವ ಮುನ್ನ ಅಧಿಕಾರಿಯ ಲೇಖನಿ ಒಂದು ಕ್ಷಣ ನಿಲ್ಲಬೇಕು.

ತಮ್ಮನ ಮಗಳಿಗೆ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತಾರು ಬಂದಿದೆ. ಸುಗ್ರೀವಾಜ್ಞೆಯ ಪ್ರಶ್ನೆಗೆ ಅವಳು ವಾಧ್ವಾ ಅವರ ಕಥೆಯನ್ನೂ ಸೇರಿಸಿ ಹೇಳಿದಳಂತೆ. ಪ್ರಾಧ್ಯಾಪಕರು ಆಸಕ್ತಿಯಿಂದ ಕೇಳಿಸಿಕೊಂಡು ಹೆಸರನ್ನು ಬರೆದುಕೊಂಡರಂತೆ. ನಮ್ಮ ಒಂದು ಒಳ್ಳೆಯ ಪಾಠ ಅಲ್ಲಿಯವರೆಗೆ ತಲುಪಿತು. ಅದು ನಮ್ಮ ಕಚೇರಿಗಳನ್ನೂ ತಲುಪಬೇಕಾಗಿದೆ.